ಪಾವಕಿ, ದೀಡಕಿ ಮಗ್ಗಿ ಯಾರಿಗರ ನೆನಪೈತೇನ್ರಿ?

ಬ್ಯಾಡಗಿ ಹುಡುಗಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮಪ್ಪಾರಿಗೆ ಈಗ 70 ದಾಟ್ಯಾವು, ಕಲ್ತದ್ದು ಕನ್ನಡ ಸಾಲಿ, ಮುಲ್ಕಿ (ಏಳನೇತ್ತೆ ಪರೀಕ್ಷೆ) ಪಾಸ್ ಅಷ್ಟ, ಆದ್ರ ಮೆಣಸಿನಕಾಯಿ ಪ್ಯಾಟ್ಯಾಗ ನಾವು ಕ್ಯಾಲ್ಕುಲೇಟರ್ ಒತ್ತೂದ್ರಾಗ ಅವರು ಲೆಕ್ಕ ಹೇಳಿ ಮುಗಿಸಿರ್ತಾರ. ಕೇಳಿದ್ರ ಪಾವಕಿ, ದೀಡಕಿ ಬಾಯಿಪಾಠ ಇದ್ರ ಎಲ್ಲಾ ಬರ್ತೈತಿ ಅಂತಾರ. ನಾ ಸಾಲಿಗೆ ಹೋಗೂ ಮುಂದ ಬರೇ 20ರ ತನಕ ಮಗ್ಗಿ ಇತ್ತು. ಇವನ್ನ ಹೆಂಗ ಕಲಸ್ತಿದ್ರು, ಯಾಕ ನಿಂತ್ವು, ಗೊತ್ತಿದ್ದೋರು ಹೇಳ್ರಿ.

ಬೆಟಗೇರಿ ಕಾಕಾ:
ಪಾವ ಅಂದ್ರ ಕಾಲು, ದೀಡ ಅಂದ್ರ ಒಂದೂವರಿ ನೋಡವ್ವಾ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಇದ್ದಾಗಿನ ಲೆಕ್ಕ ಅದು, ಎಲ್ಲಾ ಕಾಲು ಅರ್ಧದಾಗ ಮುರೀತಿತ್ತು. 1957ರ ಏಪ್ರಿಲ್‌ನಾಗ ರೂಪಾಯಿಗೆ 100 ನಯಾ ಪೈಸೆ ಆತು, ಆಮ್ಯಾಲೆ ಸೇರು ಹೋಗಿ ಕಿಲೋ ಬಂತು, ಆದ್ರೂ ನಮಗ ಕಲಸೂದು ಬಿಡಲಿಲ್ಲ, ಯಾಕಂದ್ರ ಸಂತ್ಯಾಗಿನ ಮಂದಿ ಆಣೆ ಬಿಟ್ಟಿರಲಿಲ್ಲ. ಸಂಜಿಕ ಸಾಲಿ ಬಿಡೂ ಮುಂದ ಅಂಗಳದಾಗ ಕುಂದ್ರಸ್ತಿದ್ರು, ಒಬ್ಬಾವ ಎದ್ದು "ಎರಡು ದೀಡ ಮೂರು" ಅಂತ ಒದರಾವ, ಉಳದೋರೆಲ್ಲಾ ಅವನ ಹಿಂದ, "ಮೂರು ದೀಡ ನಾಕೂವರಿ". ಗ್ವಾಡಿ ಆಚೆ ಕೈಮಗ್ಗ ಇದ್ವು, ಲಟಕ್ ಲಟಕ್ ಅನ್ನೂ ಆ ಸಪ್ಪಳಕ್ಕ ನಮ್ಮ ಮಗ್ಗಿ ತಾನ ತಾಳ ಹಿಡೀತಿತ್ತು. ಈಗೂ ಮಗ್ಗದ ಸಪ್ಪಳ ಕೇಳಿದ್ರ ಬಾಯಾಗ ದೀಡಕಿ ಬರ್ತೈತಿ.

ಧಾರವಾಡದಾಕಿ:
ಕಾಕಾರ, ಆ ರಾಗ ನನಗೂ ಇಷ್ಟ ರೀ, ಆದ್ರ ಅಂಜಿಕಿನೂ ಹೇಳಬೇಕು. ನನ್ನ ಬಾಜೂ ಕುಂದ್ರಾಕಿ ಏಳರ ಮಗ್ಗಿ ಬಂತಂದ್ರ ನಡಗತಿದ್ಲು, ತಪ್ಪಿದ್ರ ಬೆರಳಿನ ಗಂಟಿನ ಮ್ಯಾಲೆ ರೂಲ್ ದೊಣ್ಣಿ ಬೀಳ್ತಿತ್ತು. ನಾಲ್ಕನೇತ್ತೆ ಮುಗಿಯೂದ್ರಾಗ ಸಾಲಿ ಬಿಟ್ಲು, ಮನ್ಯಾಗ ಎಮ್ಮಿ ಕಾಯಾಕ ಹಚ್ಚಿದ್ರು. ಮುಂದ ಯಾರ ಮನಿಗೆ ಎಷ್ಟು ಹಾಲು ಹಾಕಿದ್ಲು ಅನ್ನೂದನ್ನ ಗ್ವಾಡಿ ಮ್ಯಾಲೆ ಇದ್ದಿಲಿಲೆ ಗೆರಿ ಹೊಡದು ಇಡ್ತಿದ್ಲು, ತಿಂಗಳಾದ ಮ್ಯಾಲೆ ಪಾವ ಲೀಟರ್ ಸೈತ ತಪ್ತಿರಲಿಲ್ಲ. ತಲಿ ಅಷ್ಟು ಚುರುಕು ರೀ ಆಕಿದು! 2009ರ ಶಿಕ್ಷಣ ಹಕ್ಕು ಕಾಯ್ದೆದಾಗ ಸಾಲ್ಯಾಗ ಹೊಡಿಯೂದು ನಿಷೇಧ ಆತು, ಆಕಿ ಪಾಲಿಗೆ ಭಾಳ ತಡಾ ಆತು. ಮಗ್ಗಿ ಜರೂರ ಕಲಸ್ರಿ, ಹೊಡದ ಮಾತ್ರ ಕಲಸಬ್ಯಾಡ್ರಿ.

ಬ್ಯಾಡಗಿ ಹುಡುಗಿ:
ಅಕ್ಕಾರ, ಓದಿ ಹೊಟ್ಯಾಗ ಕಿವುಚಿದಂಗ ಆತ್ರಿ. ಕಾಕಾರ, ನಿಮ್ಮ ಮಾತು ಓದಿ ಹೇಳಿದ್ಕೂಡ್ಲೆ ಅಪ್ಪಾರು ತಾವ ಸುರು ಮಾಡಿದ್ರು, ನಾ ಫೋನ್ಯಾಗ ರೆಕಾರ್ಡ್ ಮಾಡ್ಕೊಂಡೆ. ಹನ್ನೆರಡು ದೀಡ ಹದಿನೆಂಟು ತನಕ ಸರಾಗ ಬಂತು, ಅಲ್ಲಿ ತಡದು ಕಣ್ಣು ಮುಚ್ಚಿದ್ರು, ನಾ ಹೇಳಾಕ ಹೋದ್ರ ಕೈ ಅಡ್ಡ ಹಿಡದು ಮತ್ತ ಒಂದರಿಂದ ಸುರು ಮಾಡಿದ್ರು. ಯಾರಿಗರ ಬೇಕಿದ್ರ ಹೇಳ್ರಿ, ಕಳಸ್ತೀನಿ.