ಪ್ರಾಕ್ಟಿಕಲ್‌ಗೆ ಸ್ಥಳೀಯ ಗಿಡಗಳ ತೋಟ: ಏನು ನೆಡೋದು, ಹೇಗೆ ಜೋಡಿಸೋದು?

ಸಸ್ಯಪಾಠ: ಸಸ್ಯಶಾಸ್ತ್ರ ವಿಭಾಗದ ಹಿಂದೆ ಹತ್ತು ಗುಂಟೆ ಜಾಗವಿದೆ. ಬಯಲುಸೀಮೆ, ಕೆಂಪು ಮಣ್ಣು. ಬಿಎಸ್‌ಸಿ ಸಸ್ಯ ಕುಟುಂಬಗಳ ಅಧ್ಯಯನಕ್ಕೆ ಬೇಕಾದ ಹೂವು ಇಲ್ಲೇ ಸಿಗಬೇಕು. ಕುಟುಂಬವಾರು ಮಡಿ ಮಾಡಿದರೆ ಸರಿಯೇ? ಕಕ್ಕೆ ಬೀಜ ಮೊಳೆಯುತ್ತಿಲ್ಲ. ಹೆಸರಿನ ಫಲಕಗಳೂ ಬೇಗ ಮಾಸುತ್ತವೆ.

ಎಕ್ಕದಹೂ: ಮೇಡಂ, ಕುಟುಂಬವಾರು ಮಡಿ ಮೂಲಿಕೆ, ಪೊದೆಗಳಿಗೆ ಮಾತ್ರ ಸರಿ. ಮರಗಳನ್ನೂ ಹಾಗೇ ಜೋಡಿಸಿದರೆ ನೆರಳು ಬಿದ್ದು ತುಂಬೆ, ಸಹದೇವಿ ಉಳಿಯಲ್ಲ. ಮುತ್ತುಗ, ಕಕ್ಕೆ, ಹೊಂಗೆ ಉತ್ತರದ ಅಂಚಿಗಿರಲಿ, ಗಿಡದಿಂದ ಗಿಡಕ್ಕೆ 6 ಮೀಟರ್. ಮೂಲಿಕೆ ಮಡಿಯ ಅಗಲ 1.2 ಮೀಟರ್ ಸಾಕು. ಹೆಚ್ಚಾದರೆ ನಡುವಿನ ಗಿಡ ನೋಡಲು ಮಕ್ಕಳು ಮಡಿಯನ್ನೇ ತುಳಿಯುತ್ತಾರೆ.

ಪಠ್ಯದ ಕುಟುಂಬ ಮೊದಲು ಬರೆದುಕೊಳ್ಳಿ, ಗಿಡ ಆಮೇಲೆ. ಲೇಮಿಯೇಸಿಗೆ ತುಂಬೆ, ಅಕ್ಯಾಂಥೇಸಿಗೆ ಆಡುಸೋಗೆ, ಆಸ್ಟರೇಸಿಗೆ ಸಹದೇವಿ. ಸುಲಭವಾಗಿ ಸಿಗುತ್ತೆ ಅಂತ ನಿತ್ಯಪುಷ್ಪ, ಗುಲ್‌ಮೊಹರ್ ಸೇರಿಸಬೇಡಿ, ಎರಡೂ ಮಡಗಾಸ್ಕರ್ ಮೂಲದವು. ಅಪೊಸೈನೇಸಿಗೆ ಎಕ್ಕಕ್ಕಿಂತ ಒಳ್ಳೆಯದು ಬೇಕಿಲ್ಲ. ಹೂವಿನ ನಡುವೆ ಐದು ಮೂಲೆಯ ಚಪ್ಪಟೆ ತಲೆ, ಮೂಲೆಗೊಂದು ಕಪ್ಪು ಚುಕ್ಕಿ. ಸೂಜಿ ಮೊನೆ ತಾಗಿಸಿ ಆ ಚುಕ್ಕಿಯನ್ನು ಮೇಲೆತ್ತಿದರೆ ಹಳದಿ ಪೊಲೀನಿಯಂ (ಪರಾಗದ ಗಂಟು) ಜೋಡಿ ನೇತಾಡಿಕೊಂಡು ಬರುತ್ತೆ. ಎಕ್ಕದ ಹಾಲು ಕಣ್ಣಿಗೆ ಅಪಾಯ, ಗಿಡ ದಾರಿಯಂಚಿಗೆ ಬೇಡ.

ಅಮೃತಬಳ್ಳಿಯಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಒಂದೇ ಬಳ್ಳಿಯಿಂದ ಕಡ್ಡಿ ತಂದರೆ ಒಂದೇ ಬಗೆಯ ಹೂ ಸಿಗುತ್ತೆ, ಎರಡನ್ನೂ ಗುರುತಿಸಿ ತನ್ನಿ.

ಬೀಜದಮನೆ: ಕಕ್ಕೆ ಬೀಜದ ಸಿಪ್ಪೆ ನೀರನ್ನೇ ಒಳಗೆ ಬಿಡಲ್ಲ. ತೊಟ್ಟು ಅಂಟಿದ್ದ ತುದಿ ಬಿಟ್ಟು ಇನ್ನೊಂದು ಕಡೆ ಅರದಿಂದ ಉಜ್ಜಿ, ಒಳಗಿನ ಬಿಳಿ ಕಂಡ ಕೂಡಲೇ ನಿಲ್ಲಿಸಿ, ರಾತ್ರಿಯಿಡೀ ನೆನೆಸಿ. ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದನ್ನು ಮತ್ತೆ ಉಜ್ಜಿ. ಗಂಧಕಾಮ್ಲದಲ್ಲೂ ಆಗುತ್ತೆ, ಆದರೆ ಮಕ್ಕಳ ಕೈಗೆ ಅದನ್ನು ಕೊಡಬಾರದು. ಮುತ್ತುಗಕ್ಕೆ ಇದ್ಯಾವುದೂ ಬೇಡ, ಹೊಸ ಬೀಜವನ್ನು ಜಾಗದಲ್ಲೇ ಬಿತ್ತಿ. ತಾಯಿಬೇರು ಬೇಗ ಆಳಕ್ಕಿಳಿಯುತ್ತೆ, ಸಣ್ಣ ಚೀಲದಲ್ಲಿ ಸುರುಳಿ ಸುತ್ತಿಕೊಂಡರೆ ಗಿಡ ಏಳಲ್ಲ.

ದಾಖಲೆಪುಸ್ತಕ: ಮಾರ್ಕರ್ ಬರಹ ಬಿಸಿಲಿಗೆ ನಿಲ್ಲಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ಅಕ್ಷರ ಒತ್ತಿಸಿ. ಮರಕ್ಕೆ ಮೊಳೆ ಬೇಡ. ತಂತಿ ಸಡಿಲವಾಗಿರಲಿ, ವರ್ಷಕ್ಕೊಮ್ಮೆ ಇನ್ನಷ್ಟು ಸಡಿಲಿಸಿ, ಇಲ್ಲದಿದ್ದರೆ ತೊಗಟೆಯೊಳಗೆ ಹೂತುಹೋಗುತ್ತೆ. ಫಲಕಕ್ಕಿಂತ ರಿಜಿಸ್ಟರ್ ಮುಖ್ಯ: ಪ್ರತಿ ಗಿಡಕ್ಕೂ ಒಂದು ಸಂಖ್ಯೆ, ಬೀಜ ಎಲ್ಲಿಯದು, ಯಾವಾಗ ನೆಟ್ಟದ್ದು. ಗಿಡ ಸತ್ತರೆ ಅದರ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬಾರದು.

ತೋಟದ ಮಾಲಿಗೆ ತುಂಬೆ ಮಡಿಯನ್ನು ಖುದ್ದಾಗಿ ತೋರಿಸಿ. ಕಳೆಯೆಂದು ಬೀಜ ಉದುರುವ ಮೊದಲೇ ಕಿತ್ತರೆ ಮುಂದಿನ ಮಳೆಗೆ ಒಂದೂ ಏಳಲ್ಲ.

ಸಸ್ಯಪಾಠ: ಮುತ್ತುಗದ ಕುಟುಂಬವಾದ ಫ್ಯಾಬೇಸಿ ಪ್ರಾಕ್ಟಿಕಲ್ ಅಕ್ಟೋಬರ್‌ನಲ್ಲಿ. ಮುತ್ತುಗ ಹೂ ಬಿಡೋದು ಬೇಸಿಗೆ ಮುಂಚೆ. ಏನು ಮಾಡೋದು?

ಎಕ್ಕದಹೂ: ಹೂ ಸಿಕ್ಕಾಗಲೇ, ಕೆಡದಂತೆ ಕಾಪಿಡುವ ಎಫ್‌ಎಎ ದ್ರಾವಣಕ್ಕೆ ಹಾಕಿ: ಶೇ. 70 ಆಲ್ಕೋಹಾಲ್ 90 ಮಿ.ಲೀ., ಫಾರ್ಮಲಿನ್ 5, ಅಸಿಟಿಕ್ ಆಮ್ಲ 5. ಅರಳಿದ್ದರ ಜೊತೆ ಮೊಗ್ಗೂ ಇರಲಿ, ದಳಗಳು ಒಂದರ ಮೇಲೊಂದು ಮಡಚಿಕೊಂಡ ಕ್ರಮ ಮೊಗ್ಗಿನಲ್ಲೇ ಚೆನ್ನಾಗಿ ಕಾಣೋದು. ಬಣ್ಣ ಹೋಗುತ್ತೆ, ಮೊದಲೇ ಫೋಟೊ ತೆಗೆದಿಡಿ. ತರಗತಿಗೆ ಕೊಡುವ ಮುಂಚೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಫಾರ್ಮಲಿನ್ ಹಬೆ ಕಣ್ಣು ಉರಿಸುತ್ತೆ.