ಅಪ್‌ಡೇಟ್: ಹಳೇ ಸ್ಕೈಲೈನ್ ಮತ್ತು ಮುತ್ತಿಕೊಳ್ಳುವ ಜನ

ಸಿಯಾಟಲ್‌ನಲ್ಲಿ 1991ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅನ್ನೋ ಜಪಾನಿನ ಸ್ಪೋರ್ಟ್ಸ್ ಕಾರು ಓಡಿಸುತ್ತೇನೆ, ಹೋದಲ್ಲೆಲ್ಲ ಜನ ನಿಲ್ಲಿಸಿ ಮಾತಾಡಿಸುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಕಾರು ಮಾರಿಲ್ಲ. ಮಾರಿಬಿಡಿ ಅಂದವರು ಕ್ಷಮಿಸಿ.

ಪೆಟ್ರೋಲ್ ಬಂಕ್‌ನ ಮಾತುಕತೆ ಈಗ ಅಭ್ಯಾಸವಾಗಿದೆ. ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಸ್ಟೇರಿಂಗ್ ಯಾಕೆ ಬಲಕ್ಕಿದೆ? ಇದನ್ನ ಇಲ್ಲಿ ಓಡಿಸಬಹುದಾ? ನಿಸ್ಸಾನ್ ಈ ಕಾರನ್ನು ಅಮೆರಿಕದಲ್ಲಿ ಮಾರಲೇ ಇಲ್ಲ, ಆದರೆ 25 ವರ್ಷ ದಾಟಿದ ಕಾರನ್ನು ಹೊರಗಿನಿಂದ ತರಿಸಬಹುದು ಅಂದರೆ ಕೆಲವರಿಗೆ ಸಾಕು. ಉಳಿದವರಿಗೆ ಬಾನೆಟ್ ತೆಗೆಯಲೇಬೇಕು: 2.6 ಲೀಟರ್, ಆರು ಸಿಲಿಂಡರ್, ಎರಡು ಟರ್ಬೊ. ಬೆಲೆ ಮಾತ್ರ ಹೇಳಲ್ಲ.

ನಿಜವಾದ ತಲೆನೋವು ಹೈವೇಯದ್ದು. ಒಂದು ಕೈಲಿ ಫೋನ್ ಹಿಡಿದು ವಿಡಿಯೋ ಮಾಡುತ್ತಾ ಎಡಗಡೆ ಅಂಟಿಕೊಂಡೇ ಬರುತ್ತಾರೆ. ನಾನು ಬಲಗಡೆ ಕೂತಿರುತ್ತೇನೆ, ಆ ಕಡೆ ಮೊದಲೇ ಸರಿಯಾಗಿ ಕಾಣಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಸುಮ್ನೆ ವೇಗ ಇಳಿಸಿ ಅವರನ್ನು ಮುಂದೆ ಬಿಡುತ್ತೇನೆ. ಕೆಲಸ ಮಾಡುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಗುರ್ ಅನ್ನಿಸಿ ರೇಸ್‌ಗೆ ಕರೆಯುವ ಹುಡುಗರ ಕಡೆ ತಿರುಗಿಯೂ ನೋಡಲ್ಲ.

ಹಾಸನದಿಂದ ಬಂದಿದ್ದ ಅಮ್ಮನಿಗೆ ಮಾತ್ರ ಯಾವ ಅಚ್ಚರಿಯೂ ಇರಲಿಲ್ಲ. "ಈ ಊರಲ್ಲಿ ಸ್ಟೇರಿಂಗ್ ಸರಿಯಾದ ಕಡೆ ಇರೋದು ನಿನ್ನ ಕಾರಲ್ಲೇ ಕಣೋ" ಅಂದರು.

ಕಳ್ಳತನದ ಭಯ ಇನ್ನೂ ಇದೆ. ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಕಿಲ್ ಸ್ವಿಚ್ ಅನ್ನು ಕಣ್ಣಿಗೆ ಬೀಳದ ಜಾಗದಲ್ಲಿ ಹಾಕಿಸಿದ್ದೇನೆ. ಜಿಪಿಎಸ್ ಟ್ರ್ಯಾಕರ್ ಯಾವುದು ಒಳ್ಳೆಯದು, ಬಳಸಿದವರು ಹೇಳಿ.