ಮಷೀನ್ ಮಾರೋ ಕಂಪನಿಗೂ ನೆಟ್ ಯಾಕೆ?

ಪ್ರಶ್ನೆ: ಆ್ಯಪ್ ಕಂಪನಿಗಳದ್ದು ಬಿಡಿ, ಲಿಫ್ಟ್, ಪಂಪ್, ಇಂಜಿನ್ ಮಾಡೋರೂ ಎಲ್ಲಾನೂ ನೆಟ್‌ಗೆ ಕನೆಕ್ಟ್ ಮಾಡ್ತಿದಾರಲ್ಲ, ಇದ್ರಿಂದ ಬಿಸಿನೆಸ್ ನಡೆಸೋ ರೀತಿನೇ ಬದಲಾಗುತ್ತಾ?

ಉತ್ತರ: ಖಂಡಿತ. ವಿಮಾನದ ಇಂಜಿನ್ ಎಷ್ಟು ಗಂಟೆ ಹಾರಿತು ಅಂತ ನೋಡಿ ಮೇಂಟೆನೆನ್ಸ್ ದುಡ್ಡು ತಗೊಳ್ಳೋದು 1962ರಲ್ಲೇ ಶುರುವಾಗಿತ್ತು, ಈಗ ಸೆನ್ಸರ್‌ಗಳು ಟೆಂಪರೇಚರು, ವೈಬ್ರೇಷನ್ನು ಎಲ್ಲಾ ಕಳಿಸ್ತಾ ಇರೋದ್ರಿಂದ ಕೆಡೋ ಮುಂಚೆನೇ ಪಾರ್ಟ್ ರೆಡಿ ಇಟ್ಕೋಬಹುದು. ಇಂಥ ಕಾಂಟ್ರ್ಯಾಕ್ಟಲ್ಲಿ ಇಂಜಿನ್ ಕೆಟ್ಟು ನಿಂತ್ರೆ ತಯಾರಕರಿಗೇ ನಷ್ಟ, ಹಾಗಾಗಿ ಬಾಳಿಕೆ ಬರೋ ಹಾಗೆ ಮಾಡ್ಲೇಬೇಕು.

ಇನ್ನೊಬ್ರು: ಸರಿ, ಆದ್ರೆ ಡೇಟಾ ಯಾರ ಕೈಲಿರುತ್ತೆ ಅನ್ನೋದೇ ದೊಡ್ಡ ವಿಷ್ಯ. ತಯಾರಕರ ಹತ್ರ ಮಾತ್ರ ಇದ್ರೆ ಬೇರೆ ಮೆಕ್ಯಾನಿಕ್ ಹತ್ರ ಹೋಗೋಕೇ ಆಗಲ್ಲ. ಯುರೋಪಿಯನ್ ಯೂನಿಯನ್‌ನ ಡೇಟಾ ಆ್ಯಕ್ಟ್ ಅನ್ನೋ ಕಾನೂನು ಬಳಕೆದಾರರಿಗೆ ಆ ಡೇಟಾ ಪಡೆಯೋ, ಬೇರೆಯವರಿಗೆ ಕೊಡಿಸೋ ಹಕ್ಕು ಕೊಟ್ಟಿದೆ, 2025ರ ಸೆಪ್ಟೆಂಬರಿಂದ ಜಾರಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್, ಕಾಂಟ್ರ್ಯಾಕ್ಟಲ್ಲಿ ಡೇಟಾ ವಿಷ್ಯ ಮೊದ್ಲು ನೋಡ್ತೀನಿ.